ಪಫ್ಸ್ ಉಬ್ಬಲಿಲ್ವಾ? ಮೊದಲು ಒಂದು ಖಾಲಿ ತುಂಡು ಬೇಯಿಸಿ ನೋಡಿ

ಭಾನುವಾರ ಸಂಜೆ ಐದೂವರೆ. ಓವನ್‌ನಿಂದ ಟ್ರೇ ಹೊರಗೆ ತೆಗೆದೆ. ಹನ್ನೆರಡು ಕೈಮಾ ಚೀಸ್ ಪಫ್ಸ್, ಹನ್ನೆರಡೂ ಚಪ್ಪಟೆ. ಟ್ರೇಯಲ್ಲಿ ಬೆಣ್ಣೆ ಕೆರೆ ಕಟ್ಟಿತ್ತು. ಮೂರರಿಂದ ಚೀಸ್ ಸೋರಿ ಕರಕಲಾಗಿತ್ತು. ಮನೆಗೆ ಬಂದಿದ್ದ ಭಾವ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ರುಚಿಯೇನೋ ಚೆನ್ನಾಗಿದೆ ಕಣಯ್ಯ. ಆದರೆ ಇದನ್ನ ಪಫ್ಸ್ ಅನ್ಬೇಡ, ಖಾರದ ಬಿಸ್ಕತ್ ಅನ್ನು" ಅಂದರು.

ಆಮೇಲಿನ ನಾಲ್ಕು ಭಾನುವಾರ ನಾನು ಮಾಡಿದ ತಪ್ಪು ಒಂದೇ. ಪ್ರತಿ ಸಲವೂ ಏನೋ ಒಂದನ್ನು ಸುಮ್ನೆ ಬದಲಿಸಿದೆ. ಬೆಣ್ಣೆ ಬದಲಿಸಿದೆ, ಮೈದಾ ಬದಲಿಸಿದೆ, ಮಡಿಕೆ ಹೆಚ್ಚಿಸಿದೆ. ಕೊನೆಗೆ ನೋಡಿದರೆ ದೊಡ್ಡ ದೋಷ ಇದ್ದದ್ದು ಅಡುಗೆಮನೆ ಮೂಲೆಯ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ! ಆ ಕಥೆ ಮುಂದೆ ಬರುತ್ತದೆ.

ದಾರಿ ತೋರಿಸಿದ್ದು ಅಮ್ಮ. ಅವರು ಜನ್ಮದಲ್ಲಿ ಪಫ್ಸ್ ಮಾಡಿದವರಲ್ಲ, ಹೋಳಿಗೆ ಮಾಡಿದವರು. "ಕಣಕ ಕೆಟ್ಟಿದ್ಯೋ, ಹೂರಣ ಕೆಟ್ಟಿದ್ಯೋ, ಒಲೆ ಕೆಟ್ಟಿದ್ಯೋ, ಅದನ್ನ ಮೊದ್ಲು ನೋಡೋ. ಮೂರನ್ನೂ ಒಟ್ಟಿಗೆ ಯಾಕೆ ಬೈತೀಯಾ?" ಅಂದರು. ಈ ಬರಹ ಪೂರ್ತಿ ಆ ಲೆಕ್ಕದಲ್ಲೇ ಇದೆ. ಹೊರಗಿನ ಹಿಟ್ಟು ಕಣಕ, ಒಳಗಿನ ಕೈಮಾ ಮತ್ತು ಚೀಸ್ ಹೂರಣ, ಓವನ್ನೇ ಒಲೆ.

ನನ್ನ ಅಳತೆ ಹೇಳಿಬಿಡುತ್ತೇನೆ. ನಿಮ್ಮದು ಇದಕ್ಕಿಂತ ತುಂಬಾ ಬೇರೆ ಇದ್ದರೆ ಅಲ್ಲೇ ಒಮ್ಮೆ ನಿಂತು ನೋಡಿ. ಮೈದಾ 250 ಗ್ರಾಂ, ಫ್ರಿಜ್ ನೀರು ಸುಮಾರು 125 ಎಂಎಲ್, ಒಂದು ಟೀ ಚಮಚ ನಿಂಬೆರಸ. ಬೆಣ್ಣೆ ಒಟ್ಟು 200 ಗ್ರಾಂ, ಅಂದರೆ ನೂರು ಗ್ರಾಂನ ಎರಡು ಪ್ಯಾಕ್. ಅದರಲ್ಲಿ 25 ಗ್ರಾಂ ಕಣಕದೊಳಗೆ, ಉಳಿದದ್ದು ಪದರಕ್ಕೆ. ಮೂರು ಮಡಿಕೆಯ ಹಾಗೆ ಐದು ಸಲ ಮಡಚುವುದು, ಪ್ರತಿ ಎರಡು ಮಡಿಕೆಗೆ ಅರ್ಧ ಗಂಟೆ ಫ್ರಿಜ್. ಕೊನೆಗೆ 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ 10 ಸೆಂಟಿಮೀಟರ್ ಚೌಕ ಕತ್ತರಿಸುವುದು. ಹನ್ನೆರಡು ಬರುತ್ತವೆ. ಒಳಕ್ಕೆ 400 ಗ್ರಾಂ ಮಟನ್ ಕೈಮಾ, ನಾಲ್ಕು ಚೀಸ್ ಕ್ಯೂಬ್.

ಖಾಲಿ ತುಂಡಿನ ಪರೀಕ್ಷೆ

ಚೌಕ ಕತ್ತರಿಸುವಾಗ ಅಂಚಿನಲ್ಲಿ ಪಟ್ಟಿ ಉಳಿಯುತ್ತದಲ್ಲ, ಅದರಿಂದ ಎರಡು ಇಂಚಿನ ಒಂದು ತುಂಡು ತೆಗೆದುಕೊಳ್ಳಿ. ಚೂರುಗಳನ್ನು ಉಂಡೆ ಕಟ್ಟಿ ಮತ್ತೆ ಲಟ್ಟಿಸಿದ್ದು ಬೇಡ, ಪದರ ಕದಡಿರುತ್ತದೆ. ಹೂರಣ ಇಡಬೇಡಿ, ಮೊಟ್ಟೆ ಸವರಬೇಡಿ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಚೆನ್ನಾಗಿ ಕಾದ ಓವನ್‌ನಲ್ಲಿ 210 ಡಿಗ್ರಿಯಲ್ಲಿ ಹದಿನೈದು ನಿಮಿಷ ಬೇಯಿಸಿ. ಬಾಗಿಲು ತೆಗೆಯಬೇಡಿ, ಗಾಜಿನಲ್ಲೇ ನೋಡಿ.

ಸರಿಯಾಗಿದ್ದರೆ ಆರೇಳು ನಿಮಿಷಕ್ಕೆ ಪಕ್ಕದ ಗೋಡೆ ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಕೊನೆಗೆ ಒಂದು ಇಂಚಿನಷ್ಟು ಎತ್ತರಕ್ಕೆ ಬರುತ್ತದೆ.

ಖಾಲಿ ತುಂಡು ಚೆನ್ನಾಗಿ ಉಬ್ಬಿತು, ತುಂಬಿದ್ದು ಮಾತ್ರ ಉಬ್ಬಲಿಲ್ಲ ಅಂದರೆ ಕಣಕ, ಒಲೆ ಎರಡೂ ಸರಿ ಇವೆ. ಹೂರಣದಲ್ಲೋ ಮುಚ್ಚಿದ ರೀತಿಯಲ್ಲೋ ತಪ್ಪಿದೆ. ಖಾಲಿಯೂ ಉಬ್ಬಲಿಲ್ಲ ಅಂದರೆ ಕೈಮಾವನ್ನು ಬೈದು ಪ್ರಯೋಜನವಿಲ್ಲ. ಆಗ ಕಣಕವಾ, ಒಲೆಯಾ ಎಂದು ನೋಡಬೇಕು. ಅದಕ್ಕೆ ಸುಲಭದ ದಾರಿ ಒಂದಿದೆ. ಸೂಪರ್ ಮಾರ್ಕೆಟ್‌ನ ಫ್ರೀಜರ್‌ನಲ್ಲಿ ಸಿಗುವ ರೆಡಿಮೇಡ್ ಪಫ್ ಶೀಟ್ ತಂದು, ಅದರದ್ದೊಂದು ತುಂಡನ್ನು ನಿಮ್ಮ ತುಂಡಿನ ಪಕ್ಕದಲ್ಲೇ ಇಟ್ಟು ಬೇಯಿಸಿ. ಅದು ಉಬ್ಬಿ ನಿಮ್ಮದು ಉಬ್ಬದಿದ್ದರೆ ತಪ್ಪು ಕಣಕದ್ದು. ಎರಡೂ ಮಲಗಿದರೆ ಒಲೆಯದ್ದು.

ನಾನು ಇದನ್ನು ಐದನೇ ಭಾನುವಾರ ಮಾಡಿದೆ. ಎರಡೂ ಮಲಗಿದವು.

ಒಲೆಯ ತಪ್ಪು

ಪಫ್ಸ್ ಉಬ್ಬುವುದು ಹಬೆಯಿಂದ. ಸೋಡಾ ಇಲ್ಲ, ಈಸ್ಟ್ ಇಲ್ಲ. ಕಣಕದಲ್ಲಿರುವ ನೀರು ಮತ್ತು ಬೆಣ್ಣೆಯಲ್ಲಿರುವ ನೀರು ಒಮ್ಮೆಲೇ ಹಬೆಯಾಗಿ, ಕರಗಿದ ಬೆಣ್ಣೆ ಬಿಟ್ಟ ಜಾಗದಲ್ಲಿ ಪದರಗಳನ್ನು ಎತ್ತುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆದರೆ ಇದು ಗಬಕ್ಕನೆ ಆಗಬೇಕು. ಶಾಖ ಕಡಿಮೆ ಇದ್ದರೆ ಬೆಣ್ಣೆ ಮೊದಲು ಕರಗಿ ಟ್ರೇಗೆ ಹರಿಯುತ್ತದೆ, ಹಬೆ ಆಮೇಲೆ ನಿಧಾನಕ್ಕೆ ಬರುತ್ತದೆ. ಅಷ್ಟರಲ್ಲಿ ಎತ್ತಲು ಪದರವೇ ಇರುವುದಿಲ್ಲ. ಟ್ರೇಯಲ್ಲಿ ಬೆಣ್ಣೆ ಕೆರೆ ಕಂಡರೆ ಮೊದಲ ಅನುಮಾನ ಒಲೆಯ ಮೇಲೇ ಇರಲಿ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಹೀಗಾಯಿತೇನೋ ಎಂದು ನಾನೂ ಒಂದು ವಾರ ತಲೆ ಕೆಡಿಸಿಕೊಂಡೆ. ಅದು ನೆಪ ಅಷ್ಟೇ. ಇದೇ ಊರಿನಲ್ಲಿ ಗಲ್ಲಿಗೊಂದು ಬೇಕರಿಯಲ್ಲಿ ದಿನಾ ಪಫ್ಸ್ ಉಬ್ಬುತ್ತಿವೆ. ಫ್ರೇಜರ್ ಟೌನ್‌ನ ಮಾಸ್ಕ್ ರೋಡ್‌ನಲ್ಲಿರುವ ಆಲ್ಬರ್ಟ್ ಬೇಕರಿ 1902ರದ್ದು. ಎತ್ತರ ಅವರಿಗೂ ಅಷ್ಟೇ ಅಲ್ವಾ?

ಗುಂಡಿಯ ಮೇಲಿನ ಅಂಕಿ ನಂಬಬೇಡಿ. ಮನೆಯ ಓಟಿಜಿಗಳಲ್ಲಿ (ಕಾಯಿಲ್‌ನಿಂದ ಕಾಯುವ ಸಣ್ಣ ಕರೆಂಟ್ ಓವನ್) ಗುಂಡಿ 210 ಅಂದರೂ ಒಳಗೆ 180 ಇರಬಹುದು, 230 ಕೂಡ ಇರಬಹುದು. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್‌ನ ಸಣ್ಣ ಬಟ್ಟಲಿನಲ್ಲಿ ಅರ್ಧ ಚಮಚ ಸಕ್ಕರೆ ಹಾಕಿ, ಗುಂಡಿಯನ್ನು 200ಕ್ಕೆ ತಿರುಗಿಸಿ ಕಾಯಿಸಿದ ಓವನ್‌ನಲ್ಲಿ ಹದಿನೈದು ನಿಮಿಷ ಇಡಿ. ಕರಗಿ ನೀರಾಗಿದ್ದರೆ ಪರವಾಗಿಲ್ಲ. ಹರಳು ಹರಳಾಗೇ ಉಳಿದಿದ್ದರೆ ಒಳಗೆ ಅಷ್ಟು ಶಾಖ ಇಲ್ಲ.

ನನ್ನ ಸಕ್ಕರೆ ಇಟ್ಟ ಹಾಗೇ ಇತ್ತು. ಬೆಳ್ಳಗೆ, ಒಣಗಿ, ಕಾಫಿಗೆ ಹಾಕಿಕೊಳ್ಳಬಹುದಾದಷ್ಟು ಚೆನ್ನಾಗಿ.

ಆಗ ಓವನ್ ಹಿಂದಿನ ವೈರ್ ಹಿಡಿದು ಹೋದೆ. ನಮ್ಮದು ಬಾಡಿಗೆ ಮನೆ. ಅಡುಗೆಮನೆಯಲ್ಲಿ 16 ಆಂಪಿನ ಪಾಯಿಂಟ್ ಒಂದೇ, ಅದನ್ನು ಫ್ರಿಜ್ ಹಿಡಿದುಕೊಂಡಿತ್ತು. ಓಟಿಜಿಯ ದಪ್ಪ ಪಿನ್ನನ್ನು ಕನ್ವರ್ಟರ್ ಮೂಲಕ ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿದ್ದೆ. ಬೋರ್ಡ್ ಮುಟ್ಟಿದರೆ ಬೆಚ್ಚಗಿತ್ತು. ನನ್ನ ಓವನ್‌ಗೆ ಹೋಗಬೇಕಾದ ಶಾಖ ಬೋರ್ಡ್‌ನಲ್ಲಿ ಕೂತಿತ್ತು ಅನ್ನಿ. 1500 ವ್ಯಾಟ್ ಓವನ್ 230 ವೋಲ್ಟ್‌ನಲ್ಲಿ ಆರೂವರೆ ಆಂಪ್ ಎಳೆಯುತ್ತದೆ. ತೆಳು ವೈರ್, ಸಡಿಲ ಪಿನ್, ಇವೆರಡರಲ್ಲೂ ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಸ್ವಲ್ಪ ಬಿದ್ದರೆ ಶಾಖ ಜಾಸ್ತಿಯೇ ಬೀಳುತ್ತದೆ. 230 ಇದ್ದದ್ದು 200ಕ್ಕೆ ಇಳಿದರೆ 1500 ವ್ಯಾಟ್ ಓವನ್ ಕೊಡುವುದು ಸುಮಾರು 1130 ವ್ಯಾಟ್ ಮಾತ್ರ, ಕಾಲು ಭಾಗ ಮಾಯ.

ಫ್ರಿಜ್ ಅನ್ನು ಬೇರೆ ಪಾಯಿಂಟ್‌ಗೆ ಹಾಕಿ, ಓಟಿಜಿಯನ್ನು ನೇರ ಗೋಡೆಗೆ ಕೊಟ್ಟೆ. ಅದೇ ಹಿಟ್ಟಿನ ಉಳಿದ ತುಂಡು ಹದಿನಾಲ್ಕು ನಿಮಿಷಕ್ಕೆ ಗೋಪುರದ ಹಾಗೆ ಎದ್ದು ನಿಂತಿತು. ಪಫ್ಸ್ ಮಾತು ಒತ್ತಟ್ಟಿಗಿರಲಿ, ಬೋರ್ಡ್ ಬಿಸಿಯಾಗುತ್ತಿದ್ದರೆ ಅದು ಬೆಂಕಿಗೆ ದಾರಿ. ಓವನ್‌ಗೆ ಎಕ್ಸ್‌ಟೆನ್ಷನ್ ಬೇಡವೇ ಬೇಡ.

ಗೋಡೆಯ ಪಾಯಿಂಟ್‌ನಲ್ಲೂ ಸಂಜೆ ಹೊತ್ತು ಲೈಟು ಮಂಕಾಗುವ ಏರಿಯಾ ನಿಮ್ಮದಾದರೆ ಬೆಳಿಗ್ಗೆ ಬೇಯಿಸಿ. ಪ್ರೀಹೀಟ್, ಅಂದರೆ ಪಫ್ಸ್ ಇಡುವ ಮೊದಲು ಓವನ್ ಕಾಯಿಸುವುದು, ಇಪ್ಪತ್ತು ನಿಮಿಷ ಮಾಡಿ. ಓವನ್‌ನ ದೀಪ ಆರಿದ ತಕ್ಷಣ ಇಡಬೇಡಿ, ಇನ್ನೂ ಐದು ನಿಮಿಷ ಬಿಡಿ. ಕಾದಿರುವುದು ಗಾಳಿ ಮಾತ್ರ, ಗೋಡೆ ಇನ್ನೂ ಕಾದಿರುವುದಿಲ್ಲ. ಬಾಗಿಲು ತೆಗೆದರೆ ಆ ಗಾಳಿ ಪೂರ್ತಿ ಹೊರಗೆ.

ಮೇಲೆ ಕಪ್ಪಾಗಿ ಒಳಗೆ ಹಿಟ್ಟು ಹಿಟ್ಟಾಗಿದ್ದರೆ ಅದೂ ಒಲೆಯದ್ದೇ. ಸಣ್ಣ ಓಟಿಜಿಯಲ್ಲಿ ಉಬ್ಬಿದ ಪಫ್ಸ್ ಮೇಲಿನ ಕಾಯಿಲ್‌ಗೆ ತೀರಾ ಹತ್ತಿರ ಬರುತ್ತದೆ. ಟ್ರೇಯನ್ನು ಒಂದು ಮೆಟ್ಟಿಲು ಕೆಳಗಿಡಿ. 210ರಲ್ಲಿ ಹದಿನೈದು ನಿಮಿಷ ಆದ ಮೇಲೆ 180ಕ್ಕೆ ಇಳಿಸಿ ಇನ್ನೂ ಹತ್ತು ಹನ್ನೆರಡು ನಿಮಿಷ ಬೇಯಿಸಿ.

ಕಣಕದ ತಪ್ಪು: ಮುರಿದು ಒಳಗೆ ನೋಡಿ

ರೆಡಿಮೇಡ್ ತುಂಡು ಉಬ್ಬಿ ನಿಮ್ಮದು ಮಲಗಿತು ಅಂದುಕೊಳ್ಳಿ. ಅದನ್ನು ಎಸೆಯಬೇಡಿ. ಗರಗಸದಂಥ ಹಲ್ಲಿರುವ ಬ್ರೆಡ್ ಚಾಕುವಿನಿಂದ ಅಡ್ಡಕ್ಕೆ ಕುಯ್ದು ಬೆಳಕಿಗೆ ಹಿಡಿಯಿರಿ. ಯಾವ ತಪ್ಪು ಎಂಬುದು ಒಳಗೇ ಬರೆದಿರುತ್ತದೆ.

ಒಳಗೆಲ್ಲ ಒಂದೇ ಸಮ, ಪದರವೇ ಇಲ್ಲ, ಬೆರಳಲ್ಲಿ ಒತ್ತಿದರೆ ಖಾರಾ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ ಅಂದರೆ ಬೆಣ್ಣೆ ಕರಗಿ ಹಿಟ್ಟಿನೊಳಗೆ ಸೇರಿಹೋಗಿದೆ. ಮೂರು ಮಡಿಕೆ ಐದು ಸಲ ಎಂದರೆ 3, 9, 27, 81, ಕೊನೆಗೆ 243. ನಾಲ್ಕು ಮಿಲಿಮೀಟರ್ ದಪ್ಪದೊಳಗೆ 243 ಬೆಣ್ಣೆ ಪದರ! ಏಪ್ರಿಲ್ ಮಧ್ಯಾಹ್ನದ ಅಡುಗೆಮನೆಯಲ್ಲಿ ಅದನ್ನು ಹೊರಗಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ನಿಂತರೆ ಉಳಿಯುತ್ತದೆಯೇ? ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲೇ.

ಕೆಲವು ಕಡೆ ದೊಡ್ಡ ಗುಳ್ಳೆ, ಪಕ್ಕದಲ್ಲೇ ದಪ್ಪ ಗಟ್ಟಿ ಹಿಟ್ಟು ಕಂಡರೆ ಇದಕ್ಕೆ ಉಲ್ಟಾ. ಬೆಣ್ಣೆ ತೀರಾ ತಣ್ಣಗಿತ್ತು. ಲಟ್ಟಿಸುವಾಗ ಹಿಟ್ಟಿನೊಳಗೆ ಒಣ ಕೆರೆಯ ಮಣ್ಣಿನಂತೆ ಬಿರುಕುಬಿಟ್ಟು ತುಂಡಾಯಿತು. ಡಿಸೆಂಬರ್ ಬೆಳಿಗ್ಗೆ ನನಗೆ ಹೀಗಾಗಿದೆ. ಲಟ್ಟಣಿಗೆ ಕೆಳಗೆ ಚಟ್ ಚಟ್ ಎಂದು ಸಣ್ಣಗೆ ಸದ್ದೂ ಬರುತ್ತದೆ. ಸದ್ದು ಬಂದರೆ ನಿಲ್ಲಿಸಿ, ಐದು ನಿಮಿಷ ಹೊರಗಿಟ್ಟು ಮತ್ತೆ ಲಟ್ಟಿಸಿ.

ಪದರ ಕಾಣುತ್ತದೆ, ಆದರೆ ಒದ್ದೆ ಪೇಪರ್ ಹಾಗೆ ಒಂದಕ್ಕೊಂದು ಅಂಟಿಕೊಂಡಿದೆ ಅಂದರೆ ಕಣಕದ ತಪ್ಪಲ್ಲ. ಬೆಂದಿಲ್ಲ, ಇಲ್ಲವೇ ತುಂಬಿದ ಪಫ್ಸ್ ಆಗಿದ್ದರೆ ಹೂರಣದ ನೀರು ಇಳಿದಿದೆ.

ಸರಿಯಾದ ಹದ ಸುಮಾರು 13ರಿಂದ 18 ಡಿಗ್ರಿ. ಥರ್ಮಾಮೀಟರ್ ಚುಚ್ಚುವ ಅಗತ್ಯವಿಲ್ಲ. ಬೆಣ್ಣೆಯನ್ನು ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಲಟ್ಟಣಿಗೆಯಲ್ಲಿ ಬಡಿದು ಚಪ್ಪಟೆ ಹಲಗೆ ಮಾಡಿ, ಆಮೇಲೆ ಬಗ್ಗಿಸಿ ನೋಡಿ. ಮುರಿಯದೆ ಬಗ್ಗಬೇಕು, ಬೆರಳಿಗೆ ಮೆತ್ತಬಾರದು. ಕಣಕವೂ ಅಷ್ಟೇ ತಣ್ಣಗೆ, ಅಷ್ಟೇ ಮೆತ್ತಗೆ ಇರಬೇಕು. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಲಟ್ಟಿಸುವಾಗ ಒಂದು ಓಡುತ್ತದೆ, ಇನ್ನೊಂದು ಕೂತಲ್ಲೇ ಕೂರುತ್ತದೆ.

ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತೇನೆ. ಗ್ರಾನೈಟ್ ಕಟ್ಟೆ ಮೇಲೆ ಐಸ್ ನೀರಿನ ತಟ್ಟೆ ಹತ್ತು ನಿಮಿಷ ಇಟ್ಟು, ಒರೆಸಿ, ಆಮೇಲೆ ಲಟ್ಟಿಸುವುದು. ಕಡಪ ಕಲ್ಲಿದ್ದರೂ ಸರಿ. ಮರದ ಮಣೆ ಬೇಡ, ಅದು ತಣ್ಣಗಾಗುವುದಿಲ್ಲ.

ಬೇಕರಿಯವರಿಗೆ ಬಟ್ಟಿಯ ಪಕ್ಕದಲ್ಲೇ ನಿಂತು ಹೇಗೆ ಬರುತ್ತದೆ? ಹೆಚ್ಚಿನವರು ಬಳಸುವುದು ಪಫ್ಸ್‌ಗೆಂದೇ ಬರುವ ಮಾರ್ಗರೀನ್, ಅಂದರೆ ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಕೊಬ್ಬು. ಅದು ಬೆಣ್ಣೆಗಿಂತ ಜಾಸ್ತಿ ಶಾಖಕ್ಕೆ ಕರಗುವಂಥದ್ದು, ಬಿಸಿಗೆ ಹೆದರುವುದಿಲ್ಲ. ಆದರೆ ಬಾಯಲ್ಲೂ ಪೂರ್ತಿ ಕರಗುವುದಿಲ್ಲ, ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಮಾಡುವ ಕಷ್ಟ ಪಡುತ್ತಿರುವುದೇ ಬೆಣ್ಣೆಯ ರುಚಿಗೆ, ಹಾಗಾಗಿ ನಾನು ಆ ಕಡೆ ಹೋಗಲಿಲ್ಲ.

ಮನೆಯಲ್ಲಿ ಕಡೆದ ಬೆಣ್ಣೆ ಹಾಕಬಹುದಾ ಅಂತ ಅಮ್ಮ ಕೇಳಿದರು. ಹಾಕಿ ನೋಡಿದೆವು. ಅದರಲ್ಲಿ ನೀರು ಜಾಸ್ತಿ, ಮಜ್ಜಿಗೆಯ ಅಂಶವೂ ಉಳಿದಿರುತ್ತದೆ, ಕಣಕ ಜಿಗುಟಾಯಿತು. ತುಪ್ಪದಲ್ಲಿ ನೀರೇ ಇಲ್ಲ, ರೂಮಿನ ಬಿಸಿಗೆ ಹಲಗೆಯಾಗಿ ನಿಲ್ಲುವುದೂ ಇಲ್ಲ. ಅಂಗಡಿಯ ಟೇಬಲ್ ಬಟರ್‌ನಲ್ಲಿ ಕೊಬ್ಬು ಕನಿಷ್ಠ 80 ಪರ್ಸೆಂಟ್, ನೀರು 16 ಪರ್ಸೆಂಟ್ ಮೀರಬಾರದು ಎಂಬ ನಿಯಮವಿದೆ. ನಮಗೆ ಬೇಕಾದ್ದು ಅದೇ.

ತಳ ಹಸಿ ಇದ್ದರೆ ಕೈಮಾ ನೋಡಿ

ಖಾಲಿ ತುಂಡು ಚೆನ್ನಾಗಿ ಬಂತು, ತುಂಬಿದ್ದರ ತಳ ಮಾತ್ರ ಒದ್ದೆ ರೊಟ್ಟಿಯ ಹಾಗಿದೆ. ಹತ್ತಕ್ಕೆ ಒಂಬತ್ತು ಸಲ ಇದು ಕೈಮಾದ ನೀರು.

ಸಾರಿಗೆ ಮಾಡಿದ ಹಾಗೆ ಕುಕ್ಕರ್‌ನಲ್ಲಿ ಕೂಗಿಸಿದರೆ ನೀರು ಒಳಗೇ ಉಳಿಯುತ್ತದೆ. ಅಗಲ ಬಾಣಲೆಯಲ್ಲಿ, ಮುಚ್ಚಳವಿಲ್ಲದೆ, ಜೋರು ಉರಿಯಲ್ಲಿ ಹುರಿಯಿರಿ. ಮೊದಲು ಕೈಮಾ ನೀರು ಬಿಟ್ಟುಕೊಂಡು ಅದರಲ್ಲೇ ಕುದಿಯುತ್ತದೆ. ಸದ್ದು ಕೊತ ಕೊತ ಎಂದಿರುತ್ತದೆ. ಆ ನೀರು ಇಂಗಿದ ಮೇಲೆ ಸದ್ದು ಚರ್ ಎಂದು ಬದಲಾಗುತ್ತದೆ. ಚರ್ ಎಂದ ಮೇಲೂ ನಾಲ್ಕೈದು ನಿಮಿಷ ಬಿಡಿ. ಈರುಳ್ಳಿಯನ್ನು ಬೇರೆಯಾಗಿ ಕೆಂಪಗೆ ಹುರಿದು ಸೇರಿಸುವುದು ಒಳ್ಳೆಯದು. ಟೊಮೆಟೊ ಬೇಡ. ಹುಳಿ ಬೇಕಿದ್ದರೆ ಆಮ್‌ಚೂರ್ ಪುಡಿ ಹಾಕಿ. ಕೊತ್ತಂಬರಿ ಸೊಪ್ಪು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಕೊನೆಗೆ ಹಾಕಿ.

ಎರಡು ಪರೀಕ್ಷೆ ಇದೆ. ಬಾಣಲೆಯ ಮಧ್ಯೆ ಸೌಟಿನಿಂದ ಗೆರೆ ಎಳೆಯಿರಿ, ಐದು ಎಣಿಸುವಷ್ಟರಲ್ಲಿ ಗೆರೆಯೊಳಗೆ ನೀರು ಬಂದರೆ ಇನ್ನೂ ಹುರಿಯಬೇಕು. ಆಮೇಲೆ ಒಂದು ಚಮಚ ಕೈಮಾವನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ತಟ್ಟೆಯ ಒಂದು ಪಕ್ಕಕ್ಕೆ ಸೌಟು ಕೊಟ್ಟು ಓರೆ ಮಾಡಿ ಹತ್ತು ನಿಮಿಷ ಬಿಡಿ. ಕೆಳಗೆ ಇಳಿದದ್ದು ಬೆರಳಲ್ಲಿ ಮುಟ್ಟಿ ನೋಡಿ. ಜಿಡ್ಡಾಗಿದ್ದು, ತಣ್ಣಗಾದ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದರೆ ಅದು ಮಟನ್ ಕೊಬ್ಬು. ಕೊಬ್ಬು ಸ್ವಲ್ಪ ಇದ್ದರೆ ರುಚಿ, ಜಾಸ್ತಿ ಇದ್ದರೆ ಬಗ್ಗಿಸಿ ಚೆಲ್ಲಿ. ತೆಳ್ಳಗೆ ಹರಿಯುತ್ತಿದ್ದರೆ ನೀರು, ಮತ್ತೆ ಒಲೆ ಮೇಲಿಡಿ. ಕೊನೆಗೂ ಸ್ವಲ್ಪ ತೇವ ಉಳಿದಿದ್ದರೆ ರಸ್ಕ್ ಪುಡಿ ಎರಡು ಚಮಚ ಹಾಕಿ. ಅಯ್ಯಂಗಾರ್ ಬೇಕರಿಯಿಂದ ತಂದ ರಸ್ಕ್ ಡಬ್ಬಿಯ ತಳದಲ್ಲಿ ಪುಡಿಯಾಗಿ ಉಳಿಯುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. (ಅವರಿಗೆ ಹೇಳಬೇಡಿ.)

ಮಟನ್ ಅಂಗಡಿಯಲ್ಲಿ ಕೈಮಾ ಹೊಡೆಸುವಾಗ ತೊಳೆದು ಹೊಡೆಯಲು ಹೇಳಿ. ಮನೆಗೆ ತಂದ ಕೈಮಾವನ್ನು ತೊಳೆದರೆ ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಆಮೇಲೆ ಅರ್ಧ ಗಂಟೆ ಹುರಿದರೂ ಬಿಡುವುದಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಕತ್ತಿಯಲ್ಲಿ ಕೊಚ್ಚಿ ಕೊಡುವವರಿದ್ದರೆ ಅದೇ ಇರಲಿ. ಮೆಷಿನ್ ಕೈಮಾಗಿಂತ ಉದುರಾಗಿ ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಬಿಸಿ ಕೈಮಾವನ್ನು ಕಣಕದ ಮೇಲೆ ಇಟ್ಟರೆ ನೀವು ಬೆಳಿಗ್ಗೆಯಿಂದ ಕಟ್ಟಿದ ಪದರ ಅಲ್ಲೇ ಕರಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಫ್ರಿಜ್‌ಗಿಡಿ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ, ಬೇಯಿಸಿದ ಮಾಂಸ ಕೆಡುವುದು ಗೊತ್ತಾಗುವುದಿಲ್ಲ. ಹಸಿ ಕೈಮಾ ತುಂಬಿ ಓವನ್‌ನಲ್ಲಿ ಬೇಯುತ್ತದೆ ಎಂದು ನಂಬಿ ಕೂರುವುದೂ ಬೇಡ.

ಕೈಮಾ ಒಣಗಿದ್ದರೂ ತಳ ಹಸಿಯಾಗಿದ್ದರೆ ಟ್ರೇ ನೋಡಿ. ಓವನ್ ಜೊತೆ ಬಂದ ಕಪ್ಪು ಟ್ರೇ ಶಾಖ ಚೆನ್ನಾಗಿ ಹೀರುತ್ತದೆ. ಪಳಪಳ ಹೊಳೆಯುವ ದಪ್ಪ ಸ್ಟೀಲ್ ತಟ್ಟೆ ನಿಧಾನ. ಖಾಲಿ ಟ್ರೇಯನ್ನೂ ಒಳಗೇ ಇಟ್ಟು ಕಾಯಿಸಿ, ಬಟರ್ ಪೇಪರ್ ಮೇಲೆ ಸಾಲಾಗಿ ಇಟ್ಟ ಪಫ್ಸ್ ಅನ್ನು ಪೇಪರ್ ಸಮೇತ ಅದರ ಮೇಲೆ ಜಾರಿಸಿ.

ಚೀಸ್ ಸೋರಿದರೆ

ಚೀಸ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಹರಿಯತೊಡಗುತ್ತದೆ. ಹೊರಗಿನ ಹಿಟ್ಟು ಗಟ್ಟಿಯಾಗಿ ನಿಲ್ಲಲು ಅದಕ್ಕಿಂತ ಜಾಸ್ತಿ ಶಾಖ ಬೇಕು. ಗೋಡೆ ಏಳುವ ಮೊದಲೇ ಒಳಗಿನವರು ಓಡಿಹೋಗುತ್ತಾರೆ. ಹಾಗಾಗಿ ಚೀಸ್ ತಡವಾಗಿ ಕಾಯಬೇಕು, ಗೋಡೆ ಬೇಗ ಕಾಯಬೇಕು.

ನಾನು ಕ್ಯೂಬ್ ಅನ್ನು ತುರಿಯುವುದನ್ನೇ ಬಿಟ್ಟೆ. ತುರಿ ಎಲ್ಲ ಕಡೆ ಹರಡಿ ಅಂಚಿಗೂ ಬರುತ್ತದೆ. 25 ಗ್ರಾಂ ಕ್ಯೂಬ್ ಒಂದನ್ನು ಮೂರು ಮಾಡಿ ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಡುತ್ತೇನೆ. ಆಮೇಲೆ ತಣ್ಣನೆ ಕೈಮಾವನ್ನು ಅಂಗೈಯಲ್ಲಿ ತಟ್ಟಿ, ಮಧ್ಯೆ ಚೀಸ್ ಇಟ್ಟು, ಕೈಮಾ ಉಂಡೆ ಕಟ್ಟಿದ ಹಾಗೆ ಮುಚ್ಚಿ, ಸ್ವಲ್ಪ ಚಪ್ಪಟೆ ಮಾಡುತ್ತೇನೆ. ಈಗ ಚೀಸ್ ಕರಗಿದರೂ ಮೊದಲು ಕೈಮಾದೊಳಗೆ ಇಂಗಬೇಕು. ತುಂಬಿ ಮಡಚಿದ ಪಫ್ಸ್ ಅನ್ನು ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ನೇರ ಬಿಸಿ ಓವನ್‌ಗೆ. ಈ ಬದಲಾವಣೆ ಆದ ಮೇಲೆ ಹನ್ನೆರಡರಲ್ಲಿ ಸೋರಿದ್ದು ಒಂದೇ, ಅದೂ ಮಗಳು ಮಡಚಿದ್ದು.

ಚೀಸ್ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ನೀರಿನಲ್ಲಿ ಮುಳುಗಿಸಿ ಮಾರುವ ಹಸಿ ಮೊಝರೆಲ್ಲಾ ಇಲ್ಲಿಗೆ ಬೇಡ, ಒಳಗೆ ಹಾಲುಹಾಲಾಗಿ ನೀರು ಬಿಡುತ್ತದೆ. ಪಿಜ್ಜಾಗೆ ಬಳಸುವ ಗಟ್ಟಿ ಮೊಝರೆಲ್ಲಾ ಎಳೆ ಎಳೆಯಾಗಿ ಬರುತ್ತದೆ, ನೋಡಲು ಚೆಂದ, ರುಚಿ ಸಪ್ಪೆ. ಪ್ರಾಸೆಸ್ಡ್ ಚೀಸ್ ಕ್ಯೂಬ್‌ನಲ್ಲಿ ಎಮಲ್ಸಿಫೈಯರ್ ಉಪ್ಪು ಇರುವುದರಿಂದ ಎಣ್ಣೆ ಬೇರೆ, ಚೀಸ್ ಬೇರೆ ಆಗುವುದಿಲ್ಲ. ನನ್ನ ಓಟು ಅದಕ್ಕೇ.

ಸೋರುವುದು ಸದಾ ಒಂದೇ ಕಡೆಯಿಂದ ಆದರೆ ಮುಚ್ಚಿದ್ದು ಸರಿಯಿಲ್ಲ. ಅಂಚಿಗೆ ಕೈಮಾದ ಜಿಡ್ಡು ತಾಗಿದರೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ಅಂಚಿನಿಂದ ಒಂದು ಬೆರಳಗಲ ಖಾಲಿ ಬಿಡಿ. ತಣ್ಣೀರು ತೆಳ್ಳಗೆ ಸವರಿ, ಮಡಚಿ, ಫೋರ್ಕ್‌ನಿಂದ ಅಂಚಿನ ಒಳಬದಿಯನ್ನು ಒತ್ತಿ. ಮೇಲೆ ಚಾಕುವಿನ ತುದಿಯಲ್ಲಿ ಎರಡು ಸಣ್ಣ ಕಿಂಡಿ ಕೊಡಿ. ಕಿಂಡಿ ಇಲ್ಲದಿದ್ದರೆ ಒಳಗಿನ ಹಬೆ ತಾನೇ ಬಾಗಿಲು ಒಡೆದುಕೊಂಡು ಬರುತ್ತದೆ.

ಚಿಲ್ಲರೆ ತೊಂದರೆಗಳು

ಮಧ್ಯೆ ಉಬ್ಬಿ ಅಂಚು ಹೊಲಿದ ಹಾಗೆ ಕೂತಿದ್ದರೆ ಮೊಟ್ಟೆ ಅಂಚಿನಿಂದ ಕೆಳಗೆ ಇಳಿದಿದೆ. ಕತ್ತರಿಸಿದ ಪಕ್ಕದ ಗೋಡೆಗೆ ಮೊಟ್ಟೆ ತಾಗಿದರೆ ಪದರಗಳಿಗೆ ಗೋಂದು ಹಚ್ಚಿದ ಹಾಗೆ. ಮೇಲ್ಭಾಗಕ್ಕೆ ಮಾತ್ರ ಸವರಿ. ಮೊಂಡು ಚಾಕುವಿನಿಂದ ಎಳೆದು ಕತ್ತರಿಸಿದರೂ ಇದೇ ಗತಿ. ಚೂಪಾದ ಚಾಕುವನ್ನು ಮೇಲಿನಿಂದ ನೇರ ಒತ್ತಿ, ಎಳೆಯಬೇಡಿ.

ಚೌಕ ಇಟ್ಟದ್ದು ಮೊಟ್ಟೆಯಾಕಾರದಲ್ಲಿ ಹೊರಬಂದರೆ ಕಣಕಕ್ಕೆ ವಿಶ್ರಾಂತಿ ಸಾಲದು. ಲಟ್ಟಿಸುವಾಗ ರಬ್ಬರ್ ಹಾಗೆ ಹಿಂದಕ್ಕೆ ಬರುತ್ತಿದೆ ಅನಿಸಿದ ತಕ್ಷಣ ಬಿಟ್ಟು ಅರ್ಧ ಗಂಟೆ ಫ್ರಿಜ್‌ಗೆ. ಚಪಾತಿ ಹಿಟ್ಟಿನ ಹಾಗೆ ಹತ್ತು ನಿಮಿಷ ನಾದಬೇಡಿ, ಒಟ್ಟುಗೂಡಿದರೆ ಸಾಕು.

ಉಪ್ಪು ಜಾಸ್ತಿ ಆಗಿದ್ದರೆ ಆಶ್ಚರ್ಯವೇನಿಲ್ಲ. ಬೆಣ್ಣೆಯಲ್ಲಿ ಉಪ್ಪು, ಚೀಸ್‌ನಲ್ಲಿ ಉಪ್ಪು, ಕೈಮಾದಲ್ಲಿ ಉಪ್ಪು. ಟೇಬಲ್ ಬಟರ್‌ನಲ್ಲಿ ಉಪ್ಪು 3 ಪರ್ಸೆಂಟ್‌ವರೆಗೆ ಇರಬಹುದು, ಅಂದರೆ 200 ಗ್ರಾಂಗೆ ಹೆಚ್ಚೆಂದರೆ 6 ಗ್ರಾಂ, ಸುಮಾರು ಒಂದು ಟೀ ಚಮಚ. ಕಣಕಕ್ಕೆ ಬೇರೆ ಉಪ್ಪು ಹಾಕಲೇಬೇಡಿ. ಕೈಮಾದ ರುಚಿ ನೋಡುವಾಗ "ಸ್ವಲ್ಪ ಸಪ್ಪೆ ಆಯ್ತಲ್ಲ" ಅನಿಸುವಲ್ಲಿ ನಿಲ್ಲಿಸಿ.

ರೆಡಿಮೇಡ್ ಶೀಟ್ ತಂದವರಿಗೆ ಒಂದು ಮಾತು. ಅಂಗಡಿಯಿಂದ ಮನೆಗೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸ್ಕೂಟರ್ ಡಿಕ್ಕಿಯಲ್ಲಿ ಕೂತ ಶೀಟ್ ಮನೆಗೆ ಬರುವಷ್ಟರಲ್ಲಿ ಕರಗಿರುತ್ತದೆ. ಮತ್ತೆ ಫ್ರೀಜರ್‌ಗೆ ಹಾಕಿದರೆ ಪದರ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ಥರ್ಮಕೋಲ್ ಡಬ್ಬಿ ಅಥವಾ ಐಸ್ ಪ್ಯಾಕ್ ತೆಗೆದುಕೊಂಡು ಹೋಗಿ. ಬಳಸುವ ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ. ಕಟ್ಟೆ ಮೇಲಿಟ್ಟು ಕರಗಿಸಿದರೆ ಹೊರಗೆ ಬೆಣ್ಣೆ ಕರಗಿ, ಒಳಗೆ ಕಲ್ಲಾಗಿರುತ್ತದೆ. ಬಿಚ್ಚುವಾಗ ಮಡಿಕೆಯಲ್ಲಿ ಪಟ್ಟನೆ ಮುರಿದರೆ ಇನ್ನೂ ತಣ್ಣಗಿದೆ ಎಂದರ್ಥ, ಹತ್ತು ನಿಮಿಷ ಕಾಯಿರಿ.

ಮಾರನೇ ದಿನ ಮೆತ್ತಗಾದರೆ

ಬಿಸಿ ಪಫ್ಸ್ ಅನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ಜಾಲರಿ ಮೇಲೆ ಆರಿಸಿ, ಫ್ರಿಜ್‌ಗಿಡಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಚಕ್ಕಳ. ಓಟಿಜಿಯಲ್ಲಿ 170 ಡಿಗ್ರಿಗೆ ಹತ್ತು ನಿಮಿಷ ಇಟ್ಟು, ಹೊರತೆಗೆದು ಎರಡು ನಿಮಿಷ ಬಿಟ್ಟರೆ ಮತ್ತೆ ಗರಿಗರಿ.

ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಹನ್ನೆರಡನ್ನೂ ಒಂದೇ ದಿನ ಬೇಯಿಸದಿರುವುದು. ತುಂಬಿ ಮಡಚಿದ ಆರನ್ನು ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿಡಿ. ಕಲ್ಲಾದ ಮೇಲೆ ಕವರ್‌ಗೆ ಹಾಕಿ, ಮೇಲೆ ತಾರೀಖು ಬರೆಯಿರಿ, ಒಂದು ತಿಂಗಳೊಳಗೆ ಮುಗಿಸಿ. ಬೇಯಿಸುವಾಗ ಕರಗಿಸಬೇಡಿ. ಕಲ್ಲಾಗಿರುವ ಹಾಗೇ ಬಿಸಿ ಓವನ್‌ಗೆ ಇಡಿ, ಎಂಟು ಹತ್ತು ನಿಮಿಷ ಜಾಸ್ತಿ ಬೇಕಾಗುತ್ತದೆ ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಕವರ್ ಹೊರಗಿನಿಂದ ಒತ್ತಿ ನೋಡಿ. ಇನ್ನೂ ಕಲ್ಲಿನ ಹಾಗಿದ್ದರೆ ಚಿಂತೆಯಿಲ್ಲ. ಮೆತ್ತಗಾಗಿದ್ದರೂ ಮುಟ್ಟಿದರೆ ಇನ್ನೂ ಫ್ರಿಜ್‌ನಷ್ಟು ತಣ್ಣಗಿದ್ದರೆ ಅವತ್ತೇ ಬೇಯಿಸಿ, ಭಾವನಿಗೆ ಫೋನ್ ಮಾಡಿ. ತಣ್ಣಗೂ ಇಲ್ಲ ಅಂದರೆ ಕಸಕ್ಕೆ.